ನೀರಿಗೆ ಹೋದವಳು

ಬಾಲಮಂದಿರದ ಅಡುಗೆಮನೆಗೆ ಒಂದೇ ಕಿಟಕಿ.
ಅದರೊಳಗೆ ಜೋಗಿಮಟ್ಟಿ ಸಾಲು, ಸಾಲಿನ ಮೇಲೆ ಗಾಳಿಯಂತ್ರ.
ಅಷ್ಟು ದೊಡ್ಡ ಫ್ಯಾನು ಯಾರಿಗೆ ಸೆಕೆ ಅಂತ ಹಾಕಿದ್ದು
ಎಂದು ಕೈಸನ್ನೆಯಲ್ಲೇ ಕೇಳಿದಳು ಜೋಶ್ನಾ, ಬಂದ ಮೂರನೇ ದಿನ.
ಏಳು ವರ್ಷ ಇರಬಹುದು. ರಿಜಿಸ್ಟರಿನಲ್ಲಿ ಒಂಬತ್ತು.
ತಮ್ಮ ಮೋಮಿನನಿಗೆ ವಯಸ್ಸಿನ ಜಾಗದಲ್ಲಿ ಬರೀ ಗೀಟು.

ಚಳ್ಳಕೆರೆ ರಸ್ತೆಯ ಗುಜರಿ ಶೆಡ್ಡಿನಿಂದ ಹಿಡಿದು ತಂದರು,
ಅಪ್ಪ ಅವ್ವ ಒಂದು ಜೀಪು, ಮಕ್ಕಳು ಇನ್ನೊಂದು.
ಇದು ಜೈಲಲ್ಲ, ನೆನಪಿರಲಿ ಗಾದ್ರಮ್ಮ, ಅಂದರು ಮೇಡಮ್ಮು,
ಪಾಲನೆ ಮತ್ತು ರಕ್ಷಣೆ.
ಸರಿ ಅಂದೆ.
ಗೇಟಿಗೆ ರಕ್ಷಣೆಯ ಎರಡು ಬೀಗ.

ನನ್ನ ಗಂಡ ಮೂವತ್ತೊಂದು ವರ್ಷ ಬಸ್ಸಿನಲ್ಲಿ ಕಂಡಕ್ಟರು.
"ಟಿಕೆಟ್ ಇಲ್ಲದವನನ್ನು ಇಳಿಸದಿದ್ದರೆ
ಟಿಕೆಟ್ ತಗೊಂಡವನಿಗೆ ಏನು ಮರ್ಯಾದೆ?"
ತಪ್ಪು ಮಾತೇನಲ್ಲ. ಇಳಿಸಿದವರ ಗಂಟುಮೂಟೆಯನ್ನು
ತಾನೇ ಟಾಪು ಹತ್ತಿ ಇಳಿಸಿಕೊಡುತ್ತಿದ್ದ ಮನುಷ್ಯ.
ನನ್ನ ತಮ್ಮ ಓಬಳೇಶನಿಗೆ ಉರಿ.
"ಭಾವ, ಗಡಿ ಎಳೆದವನು ಯಾರನ್ನು ಕೇಳಿ ಎಳೆದ?"
ಗಾಂಧಿ ವೃತ್ತದಲ್ಲಿ ಧರಣಿ ಕೂತ. ಫ್ಲೆಕ್ಸಿನಲ್ಲಿ ಅಳುವ ಮಗು,
ಯಾವ ದೇಶದ್ದೋ, ನೀಲಿ ಕಣ್ಣು.
ನಮ್ಮವಳ ಹೆಸರು ಜೋಶ್ನಾ ಅಂತ ಹೇಳಿದೆ. ಬರೆದುಕೊಳ್ಳಲಿಲ್ಲ.

ಇಬ್ಬರ ನಡುವೆ ಮುದ್ದೆ ಕಟ್ಟುತ್ತ ಕೇಳಿದೆ:
ಬಸ್ಸಿನ ಬಾಗಿಲಲ್ಲಿ ಒಂದು ಗೆರೆ ಇರುತ್ತಿತ್ತಲ್ಲ,
ಅದಕ್ಕಿಂತ ಗಿಡ್ಡ ಇದ್ದರೆ ನೀನು ಟಿಕೆಟ್ಟೇ ಕೇಳುತ್ತಿರಲಿಲ್ಲವಲ್ಲ?
ಗಂಡ ಟೀವಿಯ ಸದ್ದು ಏರಿಸಿದ.

ಆ ವಾರವೇ ಸಭೆ. ಭಾಷಣದವರು ನಮ್ಮೂರ ಕೋಟೆಯನ್ನೇ ಎಳೆದು ತಂದರು.
ಕಿಂಡಿಯಲ್ಲಿ ತಲೆ ತೂರಿಸಿದವರಿಗೆ ಏನಾಯಿತೆಂದು
ಈ ಊರಿಗೆ ಪಾಠ ಹೇಳಬೇಕೆ?
ಚಪ್ಪಾಳೆ. ನನಗೂ ಮೈ ಜುಮ್ಮೆಂದಿತು, ಸುಳ್ಳೇಕೆ.
ನಮ್ಮವಳಲ್ಲವೇ. ನನ್ನ ಅಂಗೈಯಲ್ಲೂ ಖಾರ ಕುಟ್ಟಿದ ಒನಕೆಯ ದಡ್ಡು.
ಆದರೆ ಮನೆಗೆ ನಡೆಯುತ್ತ ನಡೆಯುತ್ತ ಹೊಳೆಯಿತು,
ಅವಳು ಕಿಂಡಿಯ ಕಡೆಗೆ ಹೋಗಿದ್ದು ಕಾವಲಿಗಲ್ಲ.
ಉಣ್ಣುತ್ತ ಕೂತವನಿಗೆ ನೀರು ಬೇಕಿತ್ತು,
ಕೊಡ ಹಿಡಿದು ಹೋದವಳು.
ಅಲ್ಲಿ ತೂರಿ ಬಂದವು ಕತ್ತಿ ಹಿಡಿದವರ ತಲೆಗಳು.
ಮೋಮಿನನ ತಲೆ ನನ್ನ ಸೊಂಟಕ್ಕೂ ಬರುವುದಿಲ್ಲ.
ಹೇನು ತೆಗೆದು ಎಣ್ಣೆ ಹಚ್ಚಿದ್ದೇನೆ.
ಎರಡು ಸುಳಿ, ಎರಡು ಮದುವೆ ಕಣೋ ನಿನಗೆ ಅಂತ ನಕ್ಕಿದ್ದೇನೆ.

ನಿನ್ನೆ ಬೆಂಗಳೂರಿನಿಂದ ವಿಚಾರಣೆಯವರು ಬಂದರು.
ಅಡುಗೆಯವಳನ್ನು ಕರೆಯಿರಿ ಅಂದರು,
ಮಕ್ಕಳು ಬಾಯಿ ಬಿಡುವುದು ಅಲ್ಲೇ ತಾನೆ.
"ಬಾಯಾರಿದಾಗ ಹುಡುಗಿ ಏನಂತಾಳೆ?
ಜೊಲ್ ಅಂದರೆ ಗಡಿಯ ಈಚೆ, ಪಾನಿ ಅಂದರೆ ಆಚೆ."
ಸ್ವಾಮಿ, ನಮ್ಮ ಓಣಿಯ ಬಳೆ ಬುಡೇನ್ ಸಾಬನೂ ಪಾನಿ ಅಂತಾನೆ,
ಅವನ ಮುತ್ತಜ್ಜನ ಗೋರಿ ಇಲ್ಲೇ ಬೆಟ್ಟದ ಬುಡದಲ್ಲಿದೆ.
ಅವರು ಪೆನ್ನಿನ ಮುಚ್ಚಳ ತೆಗೆದು ಕಾದರು.
ಮೊದಮೊದಲು ಬರೀ ಲೋಟ ಎತ್ತಿ ತೋರಿಸುತ್ತಿದ್ದಳು.
ನಲವತ್ತು ದಿನ ಆಯಿತಲ್ಲ ಈಗ,
ಅಮ್ಮಾ ನೀರ್ ಕೊಡು, ಅಂತಾಳೆ.
ಅದನ್ನು ಯಾವ ಕಡೆ ಬರೆದುಕೊಂಡರೋ, ನನಗೆ ಓದಲು ಬಾರದು.

ರಾತ್ರಿ ದೀಪ ಆರಿಸಿದ ಮೇಲೆ ಗಂಡ ಕೇಳಿದ:
ಮುದ್ದೆ ನುಂಗುತ್ತಾವಾ?
ಅಗಿಯುತ್ತಾವೆ, ಅಂದೆ.
ನಗಲಿಲ್ಲ. ಸ್ವಲ್ಪ ಹೊತ್ತು ಬಿಟ್ಟು,
ಮೀನು ತಿನ್ನೋ ಜನ ಅವರು,
ಭಾನುವಾರ ಮಾರಿಕಣಿವೆ ಮೀನು ಬರುತ್ತೆ.
ಮಂಜೂರಿಲ್ಲ, ಅಂದೆ.
ಹೂಂ, ರೂಲ್ಸು, ಅಂದ. ಮಗ್ಗುಲು ಬದಲಿಸಿದ.
ಆಮೇಲೆ ಗೋಡೆಗೆ ಹೇಳಿದ:
ಮುಳ್ಳು ಬಿಡಿಸಿ ಕೊಡಬೇಕಾಗುತ್ತೆ, ಆ ಸಣ್ಣವನಿಗೆ.