ಕಂಡಕ್ಟರ್ ಓದಿದ ಕಾದಂಬರಿ

ಮೊದಲೇ ಹೇಳಿಬಿಡುತ್ತೇನೆ, ಈ ಅದ್ವಯ್ ನನಗೆ ಸೇರುವುದಿಲ್ಲ.
ಮುನ್ನೂರ ಹನ್ನೆರಡು ಪುಟ, ಒಮ್ಮೆಯೂ ಬಸ್ಸು ಹತ್ತಲಿಲ್ಲ.
ಆರಡಿ ಎರಡಂಗುಲ, ಕೆತ್ತಿದಂಥ ದವಡೆ,
ಕಣ್ಣು ಮಾತ್ರ ಹನ್ನೊಂದನೇ ಪುಟದಲ್ಲಿ ಜೇನು,
ನಲವತ್ತರಲ್ಲಿ ಬೂದಿ.
ಬರೆದವರು ಮರೆತರು. ನಾನು ಮರೆಯುವವಳಲ್ಲ.
ಹದಿನೆಂಟು ವರ್ಷ ಟಿಕೆಟ್ ಕೊಟ್ಟಿದ್ದೇನೆ,
ಯಾರಿಗೆ ಎಷ್ಟು ಚಿಲ್ಲರೆ ಬಾಕಿ
ಬೆನ್ನು ನೋಡಿಯೇ ಹೇಳುತ್ತೇನೆ.

ಅವಳ ಮುಂಗೈ ಹಿಡಿದು ಗೋಡೆಗೆ ಒತ್ತುತ್ತಾನೆ.
ಅವಳ ಮೈಯಲ್ಲಿ ಮಿಂಚು ಹರಿಯುತ್ತದಂತೆ.
ಅಂಚಿನಲ್ಲಿ ಪೆನ್ಸಿಲ್ಲಿನಿಂದ ಯಾರೋ
‘ಅಯ್ಯೋ, ಎಷ್ಟು ಚೆಂದ!’ ಎಂದು ಬರೆದಿದ್ದಾರೆ,
ಹನುಮಂತನಗರದ ಬಾಡಿಗೆ ಲೈಬ್ರರಿಯಲ್ಲಿ
ನನಗಿಂತ ಮುಂಚೆ ಒಯ್ದವರು.
ಕೆಳಗೆ ನಾನೂ ಬರೆದೆ:
‘ತಾಯಿ, ಪೊಲೀಸ್ ಸ್ಟೇಷನ್ ಇಲ್ಲಿಂದ ಎರಡೇ ಸ್ಟಾಪು.’

ಇನ್ನು ಇಂಚರ.
ಎಡವುತ್ತಾಳೆ. ಕಾರ್ಪೆಟ್ಟಿಗೆ, ಲಿಫ್ಟಿನ ಬಾಗಿಲಿಗೆ,
ಏನೂ ಇಲ್ಲದಿದ್ದರೆ ತನ್ನ ದುಪಟ್ಟಾಕ್ಕೇ,
ಬೀಳುವುದು ಮಾತ್ರ ಪ್ರತಿ ಸಲವೂ ಅವನ ಎದೆಯ ಮೇಲೆ.
ಒಂದು ಟ್ರಿಪ್ಪು ಬಾರಮ್ಮ ನನ್ನ ಜೊತೆ,
ಸಂಜೆ ಆರರ ಶಿವಾಜಿನಗರ–ಬನಶಂಕರಿ.
ಕೈಯಲ್ಲಿ ಮಷೀನು, ಹೆಗಲಲ್ಲಿ ಚೀಲ,
ಸೌತ್ ಎಂಡ್ ಸರ್ಕಲ್ಲಿನ ತಿರುವಿನಲ್ಲಿ
ಕಂಬಿ ಹಿಡಿಯದೆ ನಿಲ್ಲುವುದಕ್ಕೆ
ಪಾದ ಎಷ್ಟು ಅಗಲಿಸಬೇಕು, ತೋರಿಸುತ್ತೇನೆ.

ಆದರೂ ಅವಳ ಮೇಲೆ ಪೂರ್ತಿ ಕೋಪ ಬರುವುದಿಲ್ಲ.
ನೂರ ಅರವತ್ತನೇ ಪುಟದಲ್ಲಿ, ನಡುರಾತ್ರಿ ಎದ್ದು
ದೀಪ ಹಾಕದೆ, ಬಾಣಲೆಯಿಂದಲೇ
ತಣ್ಣಗಾದ ಚಿತ್ರಾನ್ನ ತಿನ್ನುತ್ತಾಳೆ,
ಕಡಲೇಕಾಯಿ ಬೀಜಗಳನ್ನು ಕೊನೆಗೆ ಎಂದು ಪಕ್ಕಕ್ಕೆ ಸರಿಸಿ.
ಅದಷ್ಟನ್ನು ಯಾರೋ ಬದುಕಿ ಬರೆದದ್ದು.
ಅಲ್ಲೊಂದು ಶೂನ್ಯ ಟಿಕೆಟ್ ಗುರುತಿಗೆ ಇಟ್ಟಿದ್ದೇನೆ.

ಗೆಳತಿ ಒಬ್ಬಳಿದ್ದಾಳೆ, ರೂಪಶ್ರೀ.
ಅವಳಿಗೆ ಮನೆಯಿಲ್ಲ, ಸಂಬಳವಿಲ್ಲ, ಹಲ್ಲುನೋವಿಲ್ಲ.
ಬರುವುದು, ‘ಹೇಳೇ, ಏನಾಯ್ತು?’ ಎನ್ನುವುದು, ಹೋಗುವುದು.
ಅವಳು ಎಲ್ಲಿಗೆ ಹೋಗುತ್ತಾಳೆ
ಅನ್ನುವುದೇ ನನಗೆ ಯೋಚನೆ.

ಇದನ್ನೆಲ್ಲ ನಾನು ಹೇಳುವುದು ಇಮಾಮ್‌ಸಾಬರಿಗೆ,
ನನ್ನ ಡ್ರೈವರ್, ಬಾಗಲಕೋಟೆ ಕಡೆಯವರು.
ಟ್ರಿಪ್ಪು ಮುಗಿದು ಇಂಜಿನ್ನು ಆರಿದ ಹನ್ನೆರಡು ನಿಮಿಷ,
ಅರ್ಧರ್ಧ ಚಹ.
ಅದ್ವಯ್‌ನ ಹೆಲಿಕಾಪ್ಟರು ಅವರಿಗೆ ಬೇಡ.
‘ಆ ಸ್ಕೂಟರ್‌ದವ ಬಂದ್ನೇನ್ರಿ ಮೇಡಂ?’

ಸ್ಕೂಟರಿನವನು ಪಾಲಾಕ್ಷ.
ಕನ್ನಡಕ, ನೆತ್ತಿಯಲ್ಲಿ ತುಸು ಬಯಲು.
ಇಂಚರಳಿಗೆ ಜ್ವರ ಬಂದಾಗ ಗಂಜಿ ತಂದು,
ಬಾಗಿಲ ಹಿಡಿಕೆಗೆ ಸಿಕ್ಕಿಸಿ,
ಬೆಲ್ ಒತ್ತಿ ಕೆಳಗಿಳಿದು ಹೋದವನು.
ಬರೆದವರು ಅವನನ್ನು ಇನ್ನೂರ ಐವತ್ತನೇ ಪುಟದಲ್ಲಿ
ರಾಯಚೂರಿಗೆ ವರ್ಗ ಮಾಡಿಸಿದರು.
ಒಂದೇ ಸಾಲು. ಅದರಲ್ಲೂ ಒಂದು ಅಚ್ಚಿನ ತಪ್ಪು.

ನಿನ್ನೆ ಪುಸ್ತಕ ಮುಗಿಯಿತು.
ಮದುವೆ, ಅರಮನೆ ಮೈದಾನ, ಎರಡು ಸಾವಿರ ದೀಪ,
ಅದ್ವಯ್‌ನ ಕಣ್ಣು ಮತ್ತೆ ಜೇನು.
ಸಾಬರು ಚಹದ ಲೋಟ ಹಿಡಿದು ಕಾಯುತ್ತಿದ್ದರು.
ಈ ಕೆಲಸದಲ್ಲಿ ಲೆಕ್ಕ ತಪ್ಪಿ ಹೇಳಿದವಳಲ್ಲ ನಾನು.
ಹೇಳಿದೆ:
‘ಕೊನೇ ಪುಟದಲ್ಲಿ ಪಾಲಾಕ್ಷನ ಸ್ಕೂಟರು ಕೆಡುತ್ತೆ ಸಾಬ್ರೇ.
ಮಿನರ್ವ ಸರ್ಕಲ್ಲಿನಲ್ಲಿ ನಮ್ಮ ಬಸ್ಸು ಹತ್ತುತ್ತಾನೆ.
ಸರಿಯಾದ ಚಿಲ್ಲರೆ ಕೊಡ್ತಾನೆ.
ಮಹಿಳೆಯರ ಸೀಟು ಖಾಲಿ ಇದ್ದರೂ ನಿಂತೇ ಇರ್ತಾನೆ.’
‘ಆಕಿ?’
‘ಅವಳೂ ಇದ್ದಾಳೆ, ಹಿಂದಿನ ಬಾಗಿಲ ಹತ್ತಿರ.
ಕಂಬಿ ಹಿಡಿದಿಲ್ಲ.’

ಸಾಬರು ಲೋಟದ ತಳ ನೋಡಿದರು, ತುಂಬ ಹೊತ್ತು.
‘ಎಲ್ಲಿ ಇಳದ್ರು ಇಬ್ರೂ?’
ಅದನ್ನು ನಾನು ಯೋಚಿಸಿರಲಿಲ್ಲ.
ಹೊತ್ತಾಗಿತ್ತು. ಎರಡು ಸಲ ಸೀಟಿ ಊದಿ
ರೈಟ್ ಅಂದೆ.