ವೇವ್

ಕ್ರಾಸ್ಟರ್ ಬಂದರಿನ ಕಲ್ಲುಕಟ್ಟೆಯ ಮೇಲೆ
ಹೆರಿಂಗ್ ಸೀಳುತ್ತ ಥಾಮಸಿನ್ ಕೇಳಿದಳು:
"ಏನಂತೆ ನಿನ್ನ ನಿಘಂಟು?"

ಮೊದಲು ಈ ಪದ ನೀರಿನದಲ್ಲ, ಅಂದೆ.
ಬೀಸುವ ಕೈಯದು.
ನೀರಿನ ಏರಿಳಿತಕ್ಕೆ ಬೇರೆ ಹೆಸರಿತ್ತು,
ಸವೆದುಹೋಯಿತು.
ಆಮೇಲೆ ಕಡಲು
ಕೈಯಿಂದ ಇದನ್ನು ಕಡ ಪಡೆಯಿತು.

ನಗಲಿಲ್ಲ. ಚಾಕು ಒರೆಸಿದಳು.
"ಹಿಂದಿರುಗಿಸುವ ಪೈಕಿಯಲ್ಲ ಅದು."

ಹೊರಟ ದೋಣಿಗೂ ಬರುವ ದೋಣಿಗೂ
ಅವಳದು ಒಂದೇ ಬೀಸು.
ಹೋಗು ಎಂದೋ ಬಾ ಎಂದೋ
ಮಣಿಕಟ್ಟಿಗಂಟಿದ ಮೀನ ಹುರುಪೆಗೂ ತಿಳಿಯದು.

ಸುಮ್ಮನಿರಲಾಗದೆ ಹೇಳಿದೆ:
ನಮ್ಮಲ್ಲಿ ಇದಕ್ಕೆ ಅಲೆ ಅನ್ನುತ್ತೇವೆ,
ಗುರಿಯಿಲ್ಲದೆ ತಿರುಗುವುದಕ್ಕೂ ಅದೇ ಮಾತು.

ಕೈ ಅರೆಗಳಿಗೆ ನಿಂತಿತು.
"ಹಾಗಾದರೆ ನನ್ನ ಕತ್‌ಬರ್ಟ್
ನಿಮ್ಮ ಭಾಷೆಯಲ್ಲಿದ್ದಾನೆ,"
ಎಂದು ಉಪ್ಪಿನ ಡಬ್ಬಿ
ನನ್ನತ್ತ ಸರಿಸಿದಳು.