ಮೂರನೆಯ ತುತ್ತು

ಎರಡು ನುಂಗುತ್ತೆ, ಮೂರನೆಯದಕ್ಕೆ ಗಂಟಲು ಕಟ್ಟುತ್ತೆ
ಅಂದ ರೈಮೊ, ರೈಫಲ್ಲನ್ನು ನನ್ನ ಬೆಂಚಿನ ಮೇಲೆ ಮಲಗಿಸಿ.
ಬೂಟಿನ ಹಿಮ ಕರಗಿ ನೆಲವೆಲ್ಲ ಒದ್ದೆ.
ಕೂಸಾಮೊದಲ್ಲಿ ಅಕ್ಟೋಬರಿಗೇ ಬೆಳಕು ಜಿಪುಣ.

ಖಾಲಿಯೇ? ಬೆರಳಿಟ್ಟು ನೋಡಿದೆ. ಖಾಲಿ.
ಎಣ್ಣೆ ಯಾವುದು?
"ಅಪ್ಪನ ಡಬ್ಬಿಯದು."
ಈ ಚಳಿಗೆ ಅದು ಬೆಲ್ಲದ ಪಾಕ ಮಾರಾಯ,
ಬೋಲ್ಟು ಕಾಲೆಳೆಯದೆ ಇನ್ನೇನು ಮಾಡೀತು?
ಒರೆಸಿ, ಐದು ಹುಸಿಗುಂಡು ತುಂಬಿ ಎಳೆದೆ.
ಮೂರನೆಯದು ಮೂಗೆತ್ತಿ ಅಡ್ಡ ನಿಂತಿತು,
ಹಠದ ಕೂಸು ಚಮಚಕ್ಕೆ ಮುಖ ತಿರುವಿದಂತೆ.

ಇನ್ನೊಂದು ಮ್ಯಾಗಜೀನು ಸಿಕ್ಕಿಸಿದೆ. ಐದೂ ಸಲೀಸು.
ಬಂದೂಕಿನದೇನೂ ತಪ್ಪಿಲ್ಲ.
ಮೊದಲಿನದನ್ನು ದೀಪಕ್ಕೆ ಹಿಡಿದೆ:
ಎಡತುಟಿ ಕೂದಲೆಳೆಯಷ್ಟು ಹೊರಚಾಚಿದೆ.

"ಇದರಲ್ಲಿ ಬಾಟಲಿ ತೆಗೆದವರು ಯಾರು?"

ರೈಮೊ ಟೋಪಿಯನ್ನು ಕೈಯಲ್ಲೇ ತಿರುವಿದ.
"ಓಸ್ಮೊ. ಹೋದ ವರ್ಷ, ಮೂಸ್ ಬಿದ್ದ ಸಂಜೆ.
ಓಪನರ್ ಮರೆತಿದ್ದೆವು. ನಕ್ಕೂ ನಕ್ಕೂ..."

ಓಸ್ಮೊ ಅವನ ತಮ್ಮ.
ಏಪ್ರಿಲಿನಲ್ಲಿ ಸರೋವರದ ಮಂಜುಗಡ್ಡೆ ಎಷ್ಟು ತೆಳ್ಳಗಿತ್ತೆಂದು
ಊರಿಗೆಲ್ಲ ಗೊತ್ತು.

ಇಕ್ಕಳ ಕೈಗೆತ್ತಿಕೊಂಡೆ. ಎರಡು ನಿಮಿಷದ ಕೆಲಸ.
"ಬೇಡ ಇರ್ಯಾ. ಅದು ಹಾಗೇ ಇರಲಿ.
ಎರಡೇ ತುಂಬಿಕೊಳ್ಳುತ್ತೇನೆ."

ಎರಡೇ ತುಂಬಿದರೂ ಸಿಕ್ಕಿಕೊಳ್ಳುತ್ತದೆ:
ಮೇಲಿನೆರಡು ದಾಟುವುದು ಸ್ಪ್ರಿಂಗು ಬಿಗಿಯಿದ್ದಾಗ,
ಸಡಿಲಾದ ಮೇಲೆ ಬರುವುದೆಲ್ಲ ಆ ತುಟಿಗೇ ಪಾಲು.
ಮೂವತ್ತು ವರ್ಷದ ಕಸುಬು, ನನಗೆ ಗೊತ್ತು.

ಹೇಳಲಿಲ್ಲ.
ಎಣ್ಣೆಯ ದುಡ್ಡಷ್ಟೇ ಇಸಿದುಕೊಂಡೆ.